ಮಗುವಿನ ತಲೆ ಒಂದು ಕಡೆ ಚಪ್ಪಟೆಯಾದಾಗ: ಯಾವುದು ಮೊದಲು, ಯಾವುದು ಆಮೇಲೆ

ಚಪ್ಪಟೆ ಕಣ್ಣಿಗೆ ಬಿದ್ದ ಕೂಡಲೇ ಹೆಚ್ಚಿನ ಮನೆಗಳಲ್ಲಿ ಮಾಡುವ ಕೆಲಸ ಒಂದೇ: ಮಗುವಿನ ತಲೆಯನ್ನು ಇನ್ನೊಂದು ಕಡೆಗೆ ತಿರುಗಿಸಿ ಮಲಗಿಸುವುದು. ಎರಡೇ ನಿಮಿಷಕ್ಕೆ ಮಗು ಮತ್ತೆ ಹಳೇ ಕಡೆಗೆ ವಾಲುತ್ತದೆ. ಆಮೇಲೆ ಸಾಸಿವೆ ದಿಂಬು ಬರುತ್ತದೆ, ಬಟ್ಟೆಯ ಸಿಂಬಿ ಬರುತ್ತದೆ, ಎರೆಯುವವರಿಂದ ತಲೆ ತಿದ್ದಿಸುವುದೂ ಆಗುತ್ತದೆ. ಅಷ್ಟರಲ್ಲಿ ಮೂರು ತಿಂಗಳು ಕಳೆದುಹೋಗಿರುತ್ತದೆ.

ಇವೆಲ್ಲ ಸೋಲುವುದಕ್ಕೆ ಕಾರಣ ತಲೆಯಲ್ಲಿಲ್ಲ, ಕತ್ತಿನಲ್ಲಿದೆ. ಮಗು ಒಂದೇ ಕಡೆ ತಿರುಗಿ ಮಲಗುವುದಕ್ಕೆ ಬಹಳ ಸಲ ಕತ್ತಿನ ಸ್ನಾಯು ಬಿಗಿದಿರುವುದೇ ಕಾರಣ. ಅದು ಸಡಿಲವಾಗದೆ ತಲೆಯನ್ನು ಎಷ್ಟು ಸಲ ತಿರುಗಿಸಿದರೂ ನಿಲ್ಲುವುದಿಲ್ಲ.

ಇನ್ನೊಂದು ವಿಷಯ, ಚಪ್ಪಟೆಯಾದದ್ದು ಒತ್ತಿದರೆ ಗುಂಡಗಾಗದು. ಮಿದುಳು ಬೆಳೆಯುತ್ತಾ ಬುರುಡೆಯನ್ನು ಹೊರಕ್ಕೆ ತಳ್ಳುತ್ತದೆ. ಹಾಸಿಗೆಗೆ ಒತ್ತಿಕೊಂಡ ಭಾಗ ಬೆಳೆಯಲಾರದು, ಬಿಡುವಾಗಿರುವ ಭಾಗ ಬೆಳೆಯುತ್ತದೆ. ಹಾಗಾಗಿ ನಮ್ಮ ಕೆಲಸ ಚಪ್ಪಟೆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದಷ್ಟೇ. ತಲೆಯ ಸುತ್ತಳತೆ ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ ಮೂರು ತಿಂಗಳು ಸುಮಾರು 1 ಸೆಂ.ಮೀ., ಆಮೇಲೆ ವರ್ಷ ತುಂಬುವವರೆಗೆ ಸುಮಾರು ಅರ್ಧ ಸೆಂ.ಮೀ. ಹೆಚ್ಚುತ್ತದೆ. ಎರಡನೇ ತಿಂಗಳಲ್ಲಿ ಶುರು ಮಾಡಿದವರಿಗೂ ಎಂಟನೇ ತಿಂಗಳಲ್ಲಿ ಶುರು ಮಾಡಿದವರಿಗೂ ಸಿಗುವ ಫಲ ಬೇರೆಯಾಗುವುದು ಇದಕ್ಕೇ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದಾಹರಣೆಗೆ ಮಗುವಿನ ಬಲಗಡೆ ಹಿಂದಲೆ ಚಪ್ಪಟೆಯಾಗಿದೆ ಎಂದು ಇಟ್ಟುಕೊಂಡಿದ್ದೇವೆ. ನಿಮ್ಮ ಮಗುವಿಗೆ ಎಡಗಡೆಯಾಗಿದ್ದರೆ ಎಲ್ಲೆಲ್ಲೂ ಎಡ–ಬಲ ಅದಲು ಬದಲು ಮಾಡಿಕೊಳ್ಳಿ.

## ಬೇಕಾಗುವ ವಸ್ತುಗಳು

ದರ್ಜಿಗಳ ಅಳತೆ ಟೇಪು, ಮೊಬೈಲ್ ಕ್ಯಾಮೆರಾ, ಒಂದು ನೋಟ್‌ಬುಕ್. ಅದುಮಿದರೆ ಗುಳಿ ಬೀಳದ ಗಟ್ಟಿ ಹಾಸಿಗೆ. ನೆಲಕ್ಕೆ ಹಾಸಲು ಚಾಪೆ ಮತ್ತು ಜಮಖಾನ, ಒಂದು ಟವೆಲ್, ಗಿಲಕಿ, ಒಡೆಯದ ಕನ್ನಡಿ. ಅಂಗಡಿಯಿಂದ ತರಬೇಕಾದ್ದು ಹೆಚ್ಚೇನಿಲ್ಲ.

ತರಬಾರದ್ದು: ತಲೆ ಗುಂಡಗೆ ಮಾಡುತ್ತದೆಂದು ಮಾರುವ ಯಾವುದೇ ದಿಂಬು. ಉಸಿರುಗಟ್ಟುವ ಅಪಾಯದ ಕಾರಣಕ್ಕೆ ಇಂಥ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲೇ ಎಚ್ಚರಿಸಿದೆ. ಮನೆಯಲ್ಲೇ ಹೊಲಿದ ಸಾಸಿವೆ ದಿಂಬು, ರಾಗಿ ದಿಂಬುಗಳಿಗೂ ಇದೇ ಮಾತು. ಮಗು ನಿದ್ದೆ ಮಾಡುವ ಜಾಗದಲ್ಲಿ ದಿಂಬೇ ಇರಬಾರದು.

## ಹಂತ 1: ಇದು ಮಲಗಿದ್ದರಿಂದ ಆದದ್ದೇ? ಮೊದಲು ಅದನ್ನು ಖಚಿತಪಡಿಸಿಕೊಳ್ಳಿ

ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ನೆತ್ತಿಯ ಮೇಲಿನಿಂದ ನೋಡಿ. ಎರಡೂ ಕಿವಿಗಳೊಳಗೆ ಒಂದೊಂದು ತೋರುಬೆರಳನ್ನು ಹಗುರವಾಗಿ ಇಟ್ಟರೆ ಕಿವಿಗಳ ಸ್ಥಾನ ಸ್ಪಷ್ಟವಾಗುತ್ತದೆ.

ಮಲಗುವ ಭಂಗಿಯಿಂದ ಆದ ಚಪ್ಪಟೆಯಾದರೆ ಬಲಗಡೆಯ ಕಿವಿ ಎಡಗಿವಿಗಿಂತ ಮುಂದಕ್ಕೆ ಸರಿದಿರುತ್ತದೆ, ಬಲಗಡೆಯ ಹಣೆಯೂ ಕೊಂಚ ಮುಂದೆ ಬಂದಿರುತ್ತದೆ. ಮೇಲಿನಿಂದ ತಲೆ ಸಮಾಂತರ ಚತುರ್ಭುಜದ ಹಾಗೆ ಕಾಣುತ್ತದೆ. ಹಿಂದಲೆ ಪೂರ್ತಿ ಚಪ್ಪಟೆಯಾಗಿ ತಲೆ ಅಗಲವಾಗಿದ್ದರೆ ಅದು ಅಂಗಾತ ಮಲಗಿದ್ದರಿಂದಲೇ ಆಗುವ ಇನ್ನೊಂದು ಬಗೆ.

ಬುರುಡೆಯ ಎಲುಬುಗಳು ಸೇರುವ ಗೆರೆ ಕಾಲಕ್ಕೆ ಮುಂಚೆಯೇ ಬೆಸೆದುಕೊಳ್ಳುವ ತೊಂದರೆ ಬೇರೆ. ಅದಕ್ಕೆ ಕ್ರೇನಿಯೊಸಿನೊಸ್ಟೋಸಿಸ್ ಎನ್ನುತ್ತಾರೆ. ಸುಮಾರು 2,000–2,500 ಮಕ್ಕಳಲ್ಲಿ ಒಂದು ಮಗುವಿಗೆ ಬರುತ್ತದೆ. ಇದಕ್ಕೆ ಮನೆಮದ್ದಿಲ್ಲ, ವ್ಯಾಯಾಮವೂ ಇಲ್ಲ. ಇರುವುದು ಶಸ್ತ್ರಚಿಕಿತ್ಸೆ. ಸಣ್ಣ ಗಾಯದಲ್ಲಿ ಮುಗಿಯುವ ಎಂಡೊಸ್ಕೋಪಿ ವಿಧಾನ ಹೆಚ್ಚಾಗಿ ಮೂರು–ನಾಲ್ಕು ತಿಂಗಳೊಳಗಿನ ಮಕ್ಕಳಿಗೆ ಮಾತ್ರ ಹೊಂದುತ್ತದೆ. "ದೊಡ್ಡವನಾದ ಮೇಲೆ ಸರಿಹೋಗುತ್ತೆ" ಎಂದು ಕಾಯುತ್ತಾ ಕೂತು ಆ ಅವಕಾಶ ಕಳೆದುಕೊಳ್ಳುವುದೇ ದೊಡ್ಡ ನಷ್ಟ.

ಕೆಳಗಿನ ಯಾವುದೇ ಒಂದು ಕಂಡರೂ ಮುಂದಿನ ಹಂತಕ್ಕೆ ಹೋಗದೆ ಆ ವಾರವೇ ಮಕ್ಕಳ ವೈದ್ಯರನ್ನು ಕಾಣಿ:

- ಬುರುಡೆಯ ಮೇಲೆ ಬೆರಳಾಡಿಸಿದಾಗ ಗಟ್ಟಿ ಏಣು ಸಿಗುವುದು
- ಚಪ್ಪಟೆ ಕಡೆಯ ಕಿವಿ ಮುಂದಕ್ಕಲ್ಲ, ಹಿಂದಕ್ಕೆ ಅಥವಾ ಕೆಳಕ್ಕೆ ಜಗ್ಗಿದಂತಿರುವುದು. ಮೇಲಿನಿಂದ ತಲೆ ತ್ರಾಪಿಜ್ಯದಂತೆ ಕಾಣುವುದು
- ಹಣೆ ನಡುವೆ ಚೂಪಾಗಿರುವುದು, ಅಥವಾ ಏಣಿನ ಜೊತೆಗೆ ತಲೆ ಉದ್ದವಾಗಿ ಕಿರಿದಾಗಿರುವುದು
- ಹುಟ್ಟಿದಾಗಲೇ ಇದ್ದ ಸೊಟ್ಟ ಕಡಿಮೆಯಾಗದೆ ವಾರ ವಾರಕ್ಕೆ ಹೆಚ್ಚುತ್ತಿರುವುದು

ನೆಟ್ಟಗೆ ಎತ್ತಿಕೊಂಡು ಮಗು ಅಳದೆ ಇರುವಾಗಲೂ ನೆತ್ತಿ ಉಬ್ಬಿರುವುದು, ಪದೇ ಪದೇ ವಾಂತಿ, ಮಂಕು, ಕಣ್ಣುಗುಡ್ಡೆ ಕೆಳಕ್ಕೇ ನಿಂತಿರುವುದು: ಇವು ವಾರ ಕಾಯುವಂಥವಲ್ಲ. ಆ ದಿನವೇ ಆಸ್ಪತ್ರೆಗೆ ಹೋಗಿ.

ಹೆರಿಗೆಯ ಒತ್ತಡದಿಂದ ಉದ್ದವಾದ ತಲೆ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಹೆರಿಗೆಯಲ್ಲಿ ಎಲುಬಿನ ಮೇಲೆ ರಕ್ತ ಕಟ್ಟಿ ಬಂದ ಬುಗುಟಿದ್ದರೆ ಕರಗಲು ವಾರಗಳೇ ಬೇಕು. ಅದನ್ನು ಉಜ್ಜಬಾರದು, ಒತ್ತಬಾರದು. ಎಣ್ಣೆ ಹಚ್ಚುವವರಿಗೆ ಇದನ್ನು ಮೊದಲೇ ಹೇಳಿಡಿ.

ಭಂಗಿಯಿಂದ ಆದದ್ದೆಂದು ವೈದ್ಯರಿಗೆ ನೋಡಿ, ಮುಟ್ಟಿಯೇ ಗೊತ್ತಾಗುತ್ತದೆ. ಅನುಮಾನವಿಲ್ಲದಿದ್ದರೆ ಸಿಟಿ ಸ್ಕ್ಯಾನ್ ಬೇಕಿಲ್ಲ. ಎಳೆಯ ಮಗುವಿಗೆ ಸುಮ್ಮನೆ ವಿಕಿರಣ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

## ಹಂತ 2: ಕತ್ತು ಪರೀಕ್ಷಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಮಗು ಹೊಟ್ಟೆ ತುಂಬಿ ಖುಷಿಯಾಗಿರುವಾಗ ಮಾಡಿ, ಇಬ್ಬರಿರಬೇಕು.

1. ಅಂಗಾತ ಮಲಗಿಸಿ. ಒಬ್ಬರು ಎರಡೂ ಭುಜಗಳನ್ನು ಹಾಸಿಗೆಗೆ ಹಗುರವಾಗಿ ಹಿಡಿದುಕೊಳ್ಳಿ. ಭುಜ ಬಿಟ್ಟರೆ ಮಗು ಮೈಯನ್ನೇ ಹೊರಳಿಸುತ್ತದೆ, ಕತ್ತು ತಿರುಗಿತೆಂದು ನೀವು ಮೋಸ ಹೋಗುತ್ತೀರಿ.
2. ಇನ್ನೊಬ್ಬರು ಮುಖದಿಂದ ಒಂದು ಅಡಿ ದೂರದಲ್ಲಿ ಗಿಲಕಿಯನ್ನೋ ತಮ್ಮ ಮುಖವನ್ನೋ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ.
3. ಗಲ್ಲ ಎರಡೂ ಕಡೆ ಹೆಚ್ಚುಕಡಿಮೆ ಭುಜದ ನೇರಕ್ಕೆ ಬರಬೇಕು. ಒಂದು ಕಡೆ ಅರ್ಧಕ್ಕೇ ನಿಂತರೆ, ಅಥವಾ ಕಣ್ಣು ಮಾತ್ರ ಹೋಗಿ ತಲೆ ಹೋಗದಿದ್ದರೆ, ಕತ್ತು ಬಿಗಿದಿದೆ.
4. ಮಗುವಿನ ಇತ್ತೀಚಿನ ಹತ್ತು ಫೋಟೊ ತೆಗೆದು ನೋಡಿ. ಎಲ್ಲದರಲ್ಲೂ ತಲೆ ಒಂದೇ ಭುಜದ ಕಡೆ ವಾಲಿದೆಯೇ?
5. ಕತ್ತಿನ ಎರಡೂ ಪಕ್ಕ ಬೆರಳಾಡಿಸಿ. ಹುಟ್ಟಿದ ಕೆಲವು ವಾರಗಳಲ್ಲಿ ಸ್ನಾಯುವಿನೊಳಗೆ ಗಟ್ಟಿ ಗಂಟು ಸಿಗುವುದುಂಟು. ವೈದ್ಯರಿಗೆ ತೋರಿಸಿ, ನೀವು ತಿಕ್ಕಬೇಡಿ.

ಕತ್ತಿನ ಎಡ ಸ್ನಾಯು ಬಿಗಿದಿದ್ದರೆ ತಲೆ ಎಡ ಭುಜಕ್ಕೆ ವಾಲುತ್ತದೆ, ಮುಖ ಬಲಕ್ಕೆ ತಿರುಗುತ್ತದೆ. ಬಲ ಹಿಂದಲೆ ಚಪ್ಪಟೆಯಾಗುತ್ತದೆ. ಈ ಮೂರೂ ಸೇರಿ ಕಂಡರೆ ಅದು ಟಾರ್ಟಿಕೊಲಿಸ್. ಮಕ್ಕಳ ಫಿಜಿಯೊಥೆರಪಿಸ್ಟ್ ಹತ್ತಿರ ಹೋಗಲೇಬೇಕು. ಈ ಮಕ್ಕಳಲ್ಲಿ ಸೊಂಟದ ಕೀಲು ಸಡಿಲವಾಗಿರುವುದೂ ಉಂಟು, ಅದನ್ನೂ ಪರೀಕ್ಷಿಸಲು ವೈದ್ಯರಿಗೆ ನೆನಪಿಸಿ.

## ಹಂತ 3: ಅಳತೆ ಮತ್ತು ಫೋಟೊ

ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯದು. ಎರಡು ವಾರಕ್ಕೊಮ್ಮೆ ಇವನ್ನು ದಾಖಲಿಸಿ.

ಫೋಟೊ: ಸ್ನಾನವಾದ ತಕ್ಷಣ, ಒದ್ದೆ ಕೂದಲು ತಲೆಗಂಟಿರುವಾಗ ತೆಗೆಯಿರಿ. ಮೊಬೈಲ್ ನೆತ್ತಿಗೆ ಸರಿ ಮೇಲೆ, ಮೂಗಿನ ತುದಿ ಚಿತ್ರದ ಮೇಲಂಚಿನ ನಡುವಿಗೆ ಬರುವಂತಿರಲಿ. ಓರೆಯಾಗಿ ತೆಗೆದ ಫೋಟೊ ಇಲ್ಲದ ಸೊಟ್ಟವನ್ನೂ ತೋರಿಸುತ್ತದೆ, ಇರುವುದನ್ನೂ ಮುಚ್ಚುತ್ತದೆ.

ಸುತ್ತಳತೆ: ಹುಬ್ಬಿನ ಮೇಲಿಂದ ಹಿಂದಲೆಯ ಅತಿ ಉಬ್ಬಿದ ಜಾಗದವರೆಗೆ ಟೇಪು ಸುತ್ತಿ. ಮೂರು ಸಲ ಅಳೆದು ದೊಡ್ಡದನ್ನು ಬರೆಯಿರಿ.

ಚಪ್ಪಟೆ ಎಷ್ಟಿದೆ ಎನ್ನುವ ಲೆಕ್ಕಕ್ಕೆ ಟೇಪು ಸಾಲದು, ಕ್ಲಿನಿಕ್ಕಿನಲ್ಲಿ ಕ್ಯಾಲಿಪರ್ ಅಥವಾ ಸ್ಕ್ಯಾನರ್ ಬೇಕು. ಹಣೆಯ ಒಂದು ಮೂಲೆಯಿಂದ ಎದುರು ಹಿಂದಲೆಗೆ ಕರ್ಣದಂತೆ ಎರಡು ಅಳತೆ ತೆಗೆದು, ಅವುಗಳ ವ್ಯತ್ಯಾಸವನ್ನು ದೊಡ್ಡ ಅಳತೆಯಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. 140 ಮತ್ತು 130 ಮಿ.ಮೀ. ಬಂದರೆ 10 ಭಾಗಿಸು 140, ಅಂದರೆ ಶೇ. 7.1. ಹೆಚ್ಚು ಬಳಕೆಯಲ್ಲಿರುವ ಮಾಪನದಲ್ಲಿ 3.5ಕ್ಕಿಂತ ಕಡಿಮೆಯಿದ್ದರೆ ಸಹಜ, 6.25ರವರೆಗೆ ಅಲ್ಪ, 8.75ರವರೆಗೆ ಮಧ್ಯಮ, ಅದರಾಚೆ ತೀವ್ರ. "ಸ್ವಲ್ಪ ಇದೆ" ಎಂಬ ಉತ್ತರಕ್ಕೆ ತೃಪ್ತರಾಗದೆ ಈ ಸಂಖ್ಯೆಯನ್ನು ಕೇಳಿ ಬರೆಸಿಕೊಳ್ಳಿ. ಮುಂದೆ ಹೆಲ್ಮೆಟ್ (ತಲೆಯ ಆಕಾರ ತಿದ್ದಲು ಮಗುವಿನ ಅಳತೆಗೆ ಮಾಡಿ ತೊಡಿಸುವ ಗಟ್ಟಿ ಟೊಪ್ಪಿ) ಮಾತು ಬಂದಾಗ ನಿರ್ಧಾರ ನಿಲ್ಲುವುದು ಇದರ ಮೇಲೆ.

## ಹಂತ 4: ಮಲಗುವ ದಿಕ್ಕು ಬದಲಿಸಿ, ಅಂಗಾತ ಮಲಗಿಸುವುದನ್ನಲ್ಲ

ನಿದ್ದೆಗೆ ಮಗುವನ್ನು ವರ್ಷ ತುಂಬುವವರೆಗೂ ಅಂಗಾತವೇ ಮಲಗಿಸಬೇಕು. ಅಮೆರಿಕದಲ್ಲಿ 1994ರಿಂದ ಈ ಪ್ರಚಾರ ನಡೆದ ಮೇಲೆ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಅರ್ಧದಷ್ಟಾಯಿತು. ಚಪ್ಪಟೆ ತಲೆ ಹೆಚ್ಚಿದ್ದೂ ಅದರಿಂದಲೇ. ಆದರೆ ತಲೆಯ ಆಕಾರಕ್ಕಾಗಿ ಮಗುವನ್ನು ಬೋರಲು ಮಲಗಿಸಿ ನಿದ್ದೆ ಮಾಡಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಮಗು ತಿರುಗುವುದು ಬೆಳಕಿನ ಕಡೆಗೆ, ಬಾಗಿಲ ಕಡೆಗೆ, ಅಮ್ಮನ ಕಡೆಗೆ. ಬಲಗಡೆ ಚಪ್ಪಟೆಯಿದ್ದರೆ ಇವೆಲ್ಲ ಮಗುವಿನ ಎಡಕ್ಕೆ ಬರಬೇಕು. ತೊಟ್ಟಿಲು ಸರಿಸಲು ಜಾಗವಿಲ್ಲದಿದ್ದರೆ ತಲೆ ಇಡುವ ಕಡೆ ಕಾಲು, ಕಾಲಿನ ಕಡೆ ತಲೆ ಮಾಡಿ. ಅಮ್ಮ ಮಲಗುವ ಪಕ್ಕವನ್ನೂ ಬದಲಿಸಿ. ಮಗು ಗಾಢ ನಿದ್ದೆಗೆ ಜಾರಿದ ಮೇಲೆ, ಎತ್ತಿ ಬಿಟ್ಟ ಕೈ ಸಡಿಲವಾಗಿ ಬೀಳುವಾಗ, ಮುಖವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ. ಎಚ್ಚರದಲ್ಲಿ ಒಪ್ಪದ ಕತ್ತು ಆಗ ಒಪ್ಪುತ್ತದೆ.

ಬೆನ್ನ ಹಿಂದೆ ಸುತ್ತಿದ ಟವೆಲ್, ಪಕ್ಕಕ್ಕೆ ಒತ್ತು ದಿಂಬು, ಇಳಿಜಾರು ಹಾಸಿಗೆ: ನಿದ್ದೆಯಲ್ಲಿ ಯಾವುದೂ ಬೇಡ. ಸೀರೆಯ ಜೋಲಿಯಲ್ಲಿ ಗಂಟೆಗಟ್ಟಲೆ ಮಲಗಿಸುವುದೂ ಬೇಡ. ಅದರಲ್ಲಿ ಗಲ್ಲ ಎದೆಗಂಟುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ, ತಲೆ ತಿರುಗಿಸಲು ಜಾಗವೇ ಇರುವುದಿಲ್ಲ. ಕಾರ್ ಸೀಟು, ಬೌನ್ಸರ್‌ಗಳಲ್ಲಿಯೂ ಹಿಂದಲೆ ಒತ್ತಿಕೊಂಡೇ ಇರುತ್ತದೆ. ಪ್ರಯಾಣ ಮುಗಿದ ಕೂಡಲೇ ಎತ್ತಿಕೊಳ್ಳಿ.

ಮಗು ತಾನೇ ಎರಡೂ ಕಡೆ ಹೊರಳಲು ಕಲಿತ ಮೇಲೆ, ಅಂಗಾತ ಮಲಗಿಸಿದ್ದು ಬೋರಲಾದರೆ ರಾತ್ರಿಯೆಲ್ಲ ಎದ್ದು ತಿರುಗಿಸುತ್ತಾ ಕೂರಬೇಕಿಲ್ಲ.

## ಹಂತ 5: ಎಚ್ಚರವಿರುವಾಗ ಬೋರಲು

"ಕತ್ತು ನಿಂತ ಮೇಲೆ ಬೋರಲು ಹಾಕೋಣ" ಎನ್ನುವುದು ತಲೆಕೆಳಗಾದ ಮಾತು. ಬೋರಲು ಹಾಕಿದರೇ ಕತ್ತು ಬೇಗ ನಿಲ್ಲುತ್ತದೆ. ಹುಟ್ಟಿ ಮನೆಗೆ ಬಂದ ದಿನದಿಂದಲೇ ಶುರು ಮಾಡಬಹುದು. ಹಾಲು ಕುಡಿದು ಅರ್ಧ ಗಂಟೆಯಾಗಿರಬೇಕು, ಮಗು ಎಚ್ಚರವಿರಬೇಕು, ನೋಡಿಕೊಳ್ಳಲು ಒಬ್ಬರು ಪಕ್ಕದಲ್ಲೇ ಇರಬೇಕು.

ಮೊದಲ ತಿಂಗಳು. ನೀವು ಒರಗಿ ಕೂತು ಎದೆಯ ಮೇಲೆ ಬೋರಲು ಮಲಗಿಸಿಕೊಳ್ಳಿ. ಒಂದೆರಡು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ಹಚ್ಚುವ ನಮ್ಮ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆ ಹೊತ್ತನ್ನು ಕೊಂಚ ಉದ್ದ ಮಾಡಿ. ತಲೆ ಒತ್ತುವುದನ್ನು ಮಾತ್ರ ಬಿಡಿಸಿ.

ಎರಡನೇ ತಿಂಗಳು. ಟವೆಲ್ ಸುರುಳಿ ಸುತ್ತಿ ಎದೆಯ ಕೆಳಗಿಡಿ, ತೋಳುಗಳೆರಡೂ ಸುರುಳಿಯ ಮುಂದಕ್ಕಿರಲಿ. ಸುರುಳಿ ಹೊಟ್ಟೆಯ ಕೆಳಗೆ ಜಾರಿದರೆ ಮಗುವಿಗೆ ತಲೆ ಎತ್ತಲಾಗದು, ಅಳುತ್ತದೆ. "ನಮ್ಮ ಮಗುವಿಗೆ ಬೋರಲು ಇಷ್ಟವಿಲ್ಲ" ಎನ್ನುವುದರ ಹಿಂದೆ ಬಹಳ ಸಲ ಇರುವುದು ಇಷ್ಟೇ. ಏಳನೇ ವಾರದ ಹೊತ್ತಿಗೆ ದಿನದಲ್ಲಿ ಒಟ್ಟು 15ರಿಂದ 30 ನಿಮಿಷವಾಗಬೇಕು.

ಮೂರನೇ ತಿಂಗಳಿಂದ. ಸುರುಳಿ ತೆಗೆದು ನೆಲದ ಮೇಲೆ ಜಮಖಾನ ಹಾಸಿ. ಕನ್ನಡಿ, ಗಿಲಕಿಗಳನ್ನು ಎದುರಿಗಿಡದೆ ಎಡಕ್ಕಿಡಿ. ಒಟ್ಟು ಹೊತ್ತನ್ನು ಮೆಲ್ಲಗೆ ಒಂದು ಗಂಟೆಯ ಕಡೆಗೆ ಒಯ್ಯಿರಿ. ಒಂದೇ ಸಲಕ್ಕೆ ಬೇಡ, ಐದೈದು ನಿಮಿಷ ಕೂಡಿದರೂ ಲೆಕ್ಕಕ್ಕೆ ಬರುತ್ತದೆ. ಮಗು ಮೂಗನ್ನು ಹಾಸಿಗೆಗೆ ಒತ್ತಿಕೊಂಡರೆ ಅಥವಾ ನಿದ್ದೆಗೆ ಜಾರಿದರೆ ತಕ್ಷಣ ಅಂಗಾತ ಮಾಡಿ.

## ಹಂತ 6: ಎತ್ತಿಕೊಳ್ಳುವ ತೋಳು, ಕತ್ತಿನ ವ್ಯಾಯಾಮ

ಬಲಗೈ ರೂಢಿಯವರು ಬಾಟಲಿ ಹಾಲು ಕೊಡುವಾಗ ಪ್ರತಿ ಸಲವೂ ಮಗುವನ್ನು ಎಡ ತೋಳಲ್ಲೇ ಹಿಡಿಯುತ್ತಾರೆ. ಆಗ ಮಗುವಿನ ಮುಖ ಪ್ರತಿ ಸಲವೂ ಅದರ ಬಲಕ್ಕೇ ತಿರುಗುತ್ತದೆ. ಎದೆಹಾಲಿನಲ್ಲಿ ಪಕ್ಕ ಬದಲಾಗುವುದರಿಂದ ಇದು ಅಷ್ಟಾಗಿ ಆಗುವುದಿಲ್ಲ. ಬಲಗಡೆ ಚಪ್ಪಟೆಯಿರುವ ಮಗುವನ್ನು ಬಲ ತೋಳಿಗೆ ಹಾಕಿಕೊಂಡು ಎಡಗೈಯಿಂದ ಬಾಟಲಿ ಹಿಡಿಯಿರಿ. ಒಂದೆರಡು ದಿನ ಕಷ್ಟವೆನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಕತ್ತಿನ ವ್ಯಾಯಾಮವನ್ನು ವೈದ್ಯರು ಒಪ್ಪಿದ ಮೇಲೆ, ಫಿಜಿಯೊಥೆರಪಿಸ್ಟ್ ಕೈಯಿಂದ ಕಲಿತ ಮೇಲೆ ಮಾತ್ರ ಮಾಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ, ಕತ್ತಿನ ಎಲುಬಿನಲ್ಲೇ ದೋಷವಿರುವ ಮಕ್ಕಳಿಗೆ ಇದು ಅಪಾಯ. ಎಡ ಸ್ನಾಯು ಬಿಗಿದಿದ್ದರೆ ಸಾಮಾನ್ಯವಾಗಿ ಎರಡು ಚಲನೆ ಹೇಳಿಕೊಡುತ್ತಾರೆ: ಬಲ ಕಿವಿಯನ್ನು ಬಲ ಭುಜದ ಕಡೆಗೆ ವಾಲಿಸುವುದು, ಗಲ್ಲವನ್ನು ಎಡ ಭುಜದ ಕಡೆಗೆ ತಿರುಗಿಸುವುದು. ಎರಡರಲ್ಲೂ ಎಡ ಭುಜ ಮೇಲೇಳದಂತೆ ಹಿಡಿದಿರಬೇಕು. ಪ್ರತಿಯೊಂದನ್ನೂ 30 ಸೆಕೆಂಡು ಹಿಡಿದು, ಎರಡು–ಮೂರು ಸಲ, ದಿನಕ್ಕೆ ನಾಲ್ಕಾರು ಬಾರಿ. ಡೈಪರ್ ಬದಲಿಸುವ ಹೊತ್ತಿಗೆ ಜೋಡಿಸಿಕೊಂಡರೆ ತಪ್ಪುವುದಿಲ್ಲ. ಮಗು ಮೈ ಬಿಗಿಹಿಡಿದು ಅತ್ತರೆ ನಿಲ್ಲಿಸಿ. ಬಿಗಿಹಿಡಿದ ಸ್ನಾಯುವನ್ನು ಎಳೆದು ಪ್ರಯೋಜನವಿಲ್ಲ. ಮುಖದ ಬಣ್ಣ ಬದಲಾದರೆ, ಉಸಿರು ಕಟ್ಟಿದಂತಾದರೆ ಆ ದಿನ ಮತ್ತೆ ಮಾಡದೆ ವೈದ್ಯರಿಗೆ ತಿಳಿಸಿ.

## ಹಂತ 7: ಯಾವಾಗ ತೋರಿಸಬೇಕು

ಲಸಿಕೆಗೆ ಹೋಗುವ 6, 10 ಮತ್ತು 14ನೇ ವಾರದಲ್ಲಿ ಫೋಟೊಗಳನ್ನು ಒಯ್ದು, "ತಲೆ, ಕತ್ತು ಎರಡನ್ನೂ ನೋಡಿ" ಎಂದು ಬಾಯಿಬಿಟ್ಟು ಕೇಳಿ. ಸರ್ಕಾರಿ ಪಟ್ಟಿಯಲ್ಲಿ 14ನೇ ವಾರದ ನಂತರದ ಲಸಿಕೆ 9ನೇ ತಿಂಗಳಿಗೆ. ಚಿಕಿತ್ಸೆಗೆ ಅತಿ ಬೆಲೆಬಾಳುವ ತಿಂಗಳುಗಳು ಸರಿಯಾಗಿ ಈ ಬಿಡುವಿನಲ್ಲೇ ಬರುತ್ತವೆ. ನಾಲ್ಕೂವರೆ–ಐದು ತಿಂಗಳ ನಡುವೆ ತಲೆ ತೋರಿಸಲೆಂದೇ ಒಂದು ಸಲ ಹೋಗಿ.

ವಿಟಮಿನ್ ಡಿ ಹನಿ ತಪ್ಪಿಸಬೇಡಿ, ಭಾರತೀಯ ಮಕ್ಕಳ ವೈದ್ಯರ ಸಂಘ ಮೊದಲ ವರ್ಷವಿಡೀ ದಿನಕ್ಕೆ 400 ಯೂನಿಟ್ ಹೇಳುತ್ತದೆ. ಇದರ ಕೊರತೆಯಿಂದ ಮೆತ್ತಗಾದ ಬುರುಡೆ ಬೇಗ ಚಪ್ಪಟೆಯಾಗುತ್ತದೆ. ಮೇಲಿನ ಹಂತಗಳನ್ನು ಆರರಿಂದ ಎಂಟು ವಾರ ಬಿಡದೆ ಮಾಡಿಯೂ ಫೋಟೊಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಮನೆಯ ಕೆಲಸ ಸಾಲದು ಎಂದರ್ಥ.

## ಹಂತ 8: ಹೆಲ್ಮೆಟ್ ಬೇಕೆ?

ಅಲ್ಪ ಚಪ್ಪಟೆಗೆ ಬೇಡ. ಮಧ್ಯಮ ಅಥವಾ ತೀವ್ರವಿದ್ದು ಫಿಜಿಯೊಥೆರಪಿಯಿಂದಲೂ ಸರಿಹೋಗದಿದ್ದಾಗ ಹೆಲ್ಮೆಟ್ ಶಿಫಾರಸು ಮಾಡಬಹುದೆಂದು ಅಮೆರಿಕದ ನರಶಸ್ತ್ರಚಿಕಿತ್ಸಕರ 2016ರ ಮಾರ್ಗಸೂಚಿ ಹೇಳುತ್ತದೆ. ಇದಕ್ಕೆ ಎದುರಾಗಿ ನೆದರ್‌ಲ್ಯಾಂಡ್ಸ್‌ನ 84 ಮಕ್ಕಳ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಎರಡು ವರ್ಷದ ವಯಸ್ಸಿಗೆ ಪೂರ್ತಿ ಸರಿಹೋದವರು ಹೆಲ್ಮೆಟ್ ಗುಂಪಿನಲ್ಲಿ ಸುಮಾರು ಶೇ. 26, ಹಾಕದ ಗುಂಪಿನಲ್ಲಿ ಸುಮಾರು ಶೇ. 23. ಹೇಳಿಕೊಳ್ಳುವಂಥ ಅಂತರವಲ್ಲ. ಕತ್ತು ಬಿಗಿದ ಮಕ್ಕಳನ್ನು ಅದರಲ್ಲಿ ಸೇರಿಸಿರಲಿಲ್ಲ, ಹಲವರ ಹೆಲ್ಮೆಟ್ ಸರಿಯಾಗಿ ಕೂತಿರಲಿಲ್ಲ ಎಂಬುದನ್ನೂ ಗಮನಿಸಬೇಕು. ನಮ್ಮ ಅಭಿಪ್ರಾಯ ಇಷ್ಟು: ಅಳತೆ ತೀವ್ರ ಎಂದು ತೋರಿಸಿದರೆ ಐದಾರು ತಿಂಗಳ ಹೊತ್ತಿಗೆ ನಿರ್ಧರಿಸಿ. ಅಲ್ಪವಿದ್ದು ಯಾರಾದರೂ ಅವಸರಪಡಿಸಿದರೆ ಇನ್ನೊಬ್ಬ ವೈದ್ಯರನ್ನು ಕೇಳಿ.

ಹಾಕಿಸಿದರೆ ಅರೆಬರೆ ಹಾಕಿ ಫಲವಿಲ್ಲ. ಕೆಲವು ದಿನ ಹೊತ್ತು ಹೆಚ್ಚಿಸುತ್ತಾ ಬಂದು ದಿನಕ್ಕೆ 23 ಗಂಟೆಗೆ ಮುಟ್ಟಿಸುತ್ತಾರೆ. ಉಳಿದ ಒಂದು ಗಂಟೆ ಸ್ನಾನಕ್ಕೆ, ಹೆಲ್ಮೆಟ್ ಒಳಭಾಗ ಒರೆಸಿ ಒಣಗಿಸುವುದಕ್ಕೆ. ತಲೆಗೆ ಎಣ್ಣೆ ಹಚ್ಚಬೇಡಿ. ನಮ್ಮ ಸೆಕೆಗೆ ಬೆವರುಸಾಲೆ ಬೇಗ ಏಳುತ್ತದೆ. ತೆಗೆದಾಗ ಕಂಡ ಕೆಂಪು ಕಲೆ ಒಂದು ಗಂಟೆಯಲ್ಲಿ ಮಾಯವಾಗದಿದ್ದರೆ ಮತ್ತೆ ತೊಡಿಸದೆ ಮಾಡಿಕೊಟ್ಟವರ ಹತ್ತಿರ ಹೋಗಿ ಸರಿಪಡಿಸಿಸಿ. ವರ್ಷ ದಾಟಿದ ಮೇಲೆ ಹೆಲ್ಮೆಟ್‌ನಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ.

## ಹಂತ 9: ಬೆಳವಣಿಗೆಯ ಮೇಲೆ ಕಣ್ಣಿಡಿ

ಚಪ್ಪಟೆ ತಲೆ ಮಿದುಳನ್ನು ಒತ್ತುವುದಿಲ್ಲ. ಆ ಜಾಗ ಇನ್ನೊಂದು ಕಡೆಗೆ ಸರಿದಿರುತ್ತದೆ ಅಷ್ಟೆ. ಆದರೂ ಇಂಥ ಮಕ್ಕಳಲ್ಲಿ ಚಲನೆಯ ಬೆಳವಣಿಗೆ ಸರಾಸರಿಯಲ್ಲಿ ಕೊಂಚ ಹಿಂದಿರುವುದು ಅಧ್ಯಯನಗಳಲ್ಲಿ ಕಂಡಿದೆ. ಶಾಲಾ ವಯಸ್ಸಿನವರೆಗೆ ಹಿಂಬಾಲಿಸಿದ, 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಅಲ್ಪ ಚಪ್ಪಟೆಯಿದ್ದ ಮಕ್ಕಳು ಉಳಿದವರಂತೆಯೇ ಇದ್ದರು. ಕಲಿಕೆಯ ಅಂಕ ಕಡಿಮೆ ಬಂದದ್ದು ಮಧ್ಯಮ ಮತ್ತು ತೀವ್ರ ಗುಂಪಿನಲ್ಲಿ. ಚಪ್ಪಟೆಯೇ ಇದಕ್ಕೆ ಕಾರಣವೆಂದು ಸಾಬೀತಾಗಿಲ್ಲ. ಸ್ನಾಯು ಸಡಿಲವಿರುವ, ಅಲುಗಾಟ ಕಡಿಮೆಯಿರುವ ಮಗು ಮಲಗಿದಲ್ಲೇ ಮಲಗಿರುತ್ತದೆ, ಅದರಿಂದ ತಲೆಯೂ ಚಪ್ಪಟೆಯಾಗುತ್ತದೆ. ಹಾಗಾಗಿ ತಲೆ ಗುಂಡಗಾಯಿತೆಂದು ನೋಡುವುದನ್ನು ನಿಲ್ಲಿಸಬೇಡಿ.

ತೋರಿಸಬೇಕಾದ ಲಕ್ಷಣಗಳು:

- ಮೂರು ತಿಂಗಳಾದರೂ ಬೋರಲಿದ್ದಾಗ ತಲೆ ಎತ್ತದಿರುವುದು
- ನಾಲ್ಕು ತಿಂಗಳು ಮುಗಿದರೂ ಕತ್ತು ನಿಲ್ಲದಿರುವುದು
- ಒಂದೇ ಕೈ ಬಳಸುವುದು, ಇನ್ನೊಂದು ಮುಷ್ಟಿ ಬಿಚ್ಚದಿರುವುದು
- ಒಂಬತ್ತು ತಿಂಗಳು ದಾಟಿದರೂ ಆಸರೆಯಿಲ್ಲದೆ ಕೂರದಿರುವುದು
- ಹದಿನೆಂಟು ತಿಂಗಳಿಗೂ ನಡೆಯದಿರುವುದು

ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆಯೋ ಅಷ್ಟನ್ನು ಕಳೆದು ವಯಸ್ಸು ಲೆಕ್ಕ ಹಾಕಿ.

ಖಾಸಗಿಯಾಗಿ ತೋರಿಸುವುದು ಕಷ್ಟವಾದರೆ ಜಿಲ್ಲಾಸ್ಪತ್ರೆಯಲ್ಲಿರುವ ಡಿಇಐಸಿ, ಅಂದರೆ ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಬೆಳವಣಿಗೆಯ ತಪಾಸಣೆ ಅಲ್ಲಿ ಉಚಿತ. ದಾರಿ ಗೊತ್ತಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಸುತ್ತಳತೆ ಬರೆದ ನೋಟ್‌ಬುಕ್, ದಿನಾಂಕ ಸಮೇತ ಫೋಟೊಗಳು ಜೊತೆಗಿರಲಿ. ಮಗು ಹೇಗೆ ಹೊರಳುತ್ತದೆ, ಯಾವ ಕೈ ಚಾಚುತ್ತದೆ ಎಂಬ ಒಂದೆರಡು ನಿಮಿಷದ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ಆಸ್ಪತ್ರೆಯಲ್ಲಿ ಮಗು ಮನೆಯಲ್ಲಿ ಆಡಿದಂತೆ ಆಡುವುದಿಲ್ಲ.